ಕಣ್ಣಿಗೆ ಲೆನ್ಸ್: ಹಾಕುವ ಕ್ರಮ, ತೆಗೆಯುವ ಕ್ರಮ

ಕಾಂಟ್ಯಾಕ್ಟ್ ಲೆನ್ಸ್ ಎಂಬುದು ಕಣ್ಣಿನ ಕರಿಗುಡ್ಡೆಯ ಮೇಲೆ, ಕಣ್ಣೀರಿನ ತೆಳುಪದರವನ್ನು ಹಾಸಿಕೊಂಡು ಕೂರುವ ಪಾರದರ್ಶಕ ಬಿಲ್ಲೆ. ಕರಿಗುಡ್ಡೆಯನ್ನು ಮುಂದಿನಿಂದ ಮುಚ್ಚಿರುವ ತಿಳಿಯಾದ ಪದರಕ್ಕೆ ಕಾರ್ನಿಯಾ ಎಂದು ಹೆಸರು. ಅದರ ಅಡ್ಡಳತೆ ಸುಮಾರು 11ರಿಂದ 12 ಮಿಲಿಮೀಟರ್, ನಡುಭಾಗದ ದಪ್ಪ ಅರ್ಧ ಮಿಲಿಮೀಟರ್‌ಗಿಂತ ಚೂರು ಹೆಚ್ಚು. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಬೆಳಕು ಸರಾಗವಾಗಿ ಒಳಗೆ ಹೋಗುತ್ತಿರಲಿಲ್ಲ. ಹೀಗಾಗಿ ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಅದು ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ನರತುದಿಗಳು ಮಾತ್ರ ಅಲ್ಲಿ ದಟ್ಟವಾಗಿವೆ. ಧೂಳಿನ ಒಂದು ಕಣ ತಾಗಿದರೂ ರೆಪ್ಪೆ ತಾನಾಗಿ ಮುಚ್ಚಿಕೊಂಡು ನೀರು ಸುರಿಯುವುದು ಇದರಿಂದಲೇ. ಲೆನ್ಸ್ ಬಳಸುವವರು ಪಾಲಿಸಬೇಕಾದ ನಿಯಮಗಳಿಗೆಲ್ಲ ಕಾರ್ನಿಯಾದ ಈ ರಚನೆಯೇ ಮೂಲ: ಅದಕ್ಕೆ ಗಾಳಿ ಬೇಕು, ಅದಕ್ಕೆ ಗಾಯವಾಗಿ ಸೋಂಕು ತಗುಲಿದರೆ ರಕ್ತದ ಮೂಲಕ ಬರಬೇಕಾದ ರಕ್ಷಣೆ ತಡವಾಗಿ ತಲುಪುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯಂಥ ಕಡೆ ‘ಕಣ್ಣಿಗೆ ಲೆನ್ಸ್ ಹಾಕಿಸಿಕೊಂಡು ಬಂದರು’ ಎಂದರೆ ಹಿರಿಯರಿಗೆ ನೆನಪಾಗುವುದು ಪೊರೆಯ ಆಪರೇಷನ್. ಆ ಲೆನ್ಸನ್ನು ವೈದ್ಯರು ಕಣ್ಣಿನ ಒಳಗೇ ಕೂರಿಸುತ್ತಾರೆ; ಅದನ್ನು ದಿನವೂ ತೆಗೆಯುವ ಪ್ರಶ್ನೆ ಇಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಳ್ಳಿಗೆ ಬರುವುದು ಬೇರೆ ದಾರಿಗಳಿಂದ: ಬೆಂಗಳೂರಿಗೆ ಓದಲು, ದುಡಿಯಲು ಹೋದ ಎಳೆಯರ ಚೀಲದಲ್ಲಿ, ಮದುಮಗಳ ಅಲಂಕಾರದ ಸಾಮಾನುಗಳ ನಡುವೆ, ಕಾರ್ನಿಯಾ ತೆಳುವಾಗಿ ಮೊನಚಾಗುವ ಕೆರಟೊಕೋನಸ್ ಇರುವವರಿಗೆ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ. ಲೆನ್ಸಿನ ಪೆಟ್ಟಿಗೆಯಲ್ಲಿರುವ ಸೂಚನೆಯ ಹಾಳೆ ನಗರದ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ರೇಷ್ಮೆಹುಳು ಮನೆ, ಸಾವಿರ ಅಡಿ ಆಳದ ಬೋರ್‌ವೆಲ್ ನೀರು, ಕೃಷಿ ಹೊಂಡ, ಹಿಪ್ಪುನೇರಳೆ ತೋಟ ಅದರಲ್ಲಿ ಬರುವುದಿಲ್ಲ. ಈ ಸೀಮೆಯಲ್ಲಿ ಲೆನ್ಸ್ ಹಾಕುವವರು ಅದನ್ನೂ ತಿಳಿದಿರಬೇಕು.

ಲೆನ್ಸಿನ ಇತಿಹಾಸ ನೂರು ವರ್ಷಕ್ಕೂ ಹಿಂದಿನದು. 1888ರಲ್ಲಿ ಜ್ಯೂರಿಕ್‌ನಲ್ಲಿದ್ದ ಜರ್ಮನ್ ವೈದ್ಯ ಅಡಾಲ್ಫ್ ಫಿಕ್ ಗಾಜಿನ ಲೆನ್ಸ್ ಮಾಡಿಸಿ ಮೊದಲು ಮೊಲಗಳ ಕಣ್ಣಿಗೆ, ಆಮೇಲೆ ತನ್ನ ಕಣ್ಣಿಗೆ, ಕೊನೆಗೆ ರೋಗಿಗಳ ಕಣ್ಣಿಗೆ ಹಾಕಿ ನೋಡಿದ. ಬಿಳಿಗುಡ್ಡೆಯನ್ನೂ ಆವರಿಸುವಷ್ಟು ದೊಡ್ಡದಾಗಿದ್ದ ಆ ಗಾಜನ್ನು ಕೆಲವು ಗಂಟೆಗಿಂತ ಹೆಚ್ಚು ಹೊತ್ತು ತಡೆದುಕೊಳ್ಳಲು ಆಗುತ್ತಿರಲಿಲ್ಲ. 1948ರಲ್ಲಿ ಅಮೆರಿಕದ ಕೆವಿನ್ ಟೂಹಿ ಕಾರ್ನಿಯಾವನ್ನಷ್ಟೇ ಮುಚ್ಚುವ ಚಿಕ್ಕ ಪ್ಲಾಸ್ಟಿಕ್ ಲೆನ್ಸ್ ರೂಪಿಸಿದ. ಅದು ಹಗುರವಾಗಿತ್ತು, ಆದರೆ ಗಾಳಿಯನ್ನು ಹಾಯಗೊಡುತ್ತಿರಲಿಲ್ಲ. ಇಂದು ಬಹಳ ಜನ ಬಳಸುವ ಮೆತ್ತನೆಯ ಲೆನ್ಸ್ ಚೆಕೊಸ್ಲೊವಾಕಿಯದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆಯ ಕೊಡುಗೆ. ನೀರು ಹೀರಿ ಮೃದುವಾಗುವ ಪ್ಲಾಸ್ಟಿಕ್ಕನ್ನು ಆತ ಮತ್ತು ಸಂಗಡಿಗ ಡ್ರಾಹೊಸ್ಲಾವ್ ಲಿಮ್ 1950ರ ದಶಕದಲ್ಲಿ ತಯಾರಿಸಿದ್ದರು. ಅದರಿಂದ ಅಂಚು ಹರಿಯದ ಲೆನ್ಸ್ ಮಾಡುವುದು ಮಾತ್ರ ಕೈಗೂಡಿರಲಿಲ್ಲ. ಸರ್ಕಾರದ ನೆರವು ನಿಂತ ಮೇಲೆ, 1961ರ ಕ್ರಿಸ್‌ಮಸ್ ಹೊತ್ತಿಗೆ, ವಿಖ್ಟರ್ಲೆ ಮನೆಯಲ್ಲೇ ಮಕ್ಕಳ ಆಟದ ಲೋಹದ ಪಟ್ಟಿಗಳನ್ನು ಜೋಡಿಸಿ, ಸೈಕಲ್ ಡೈನಮೊದಿಂದ ತಿರುಗುವ ಯಂತ್ರ ಕಟ್ಟಿ, ತಿರುಗುವ ಅಚ್ಚಿನಲ್ಲಿ ಮೊದಲ ನಾಲ್ಕು ಲೆನ್ಸ್‌ಗಳನ್ನು ತೆಗೆದ. ಹತ್ತು ವರ್ಷದ ನಂತರ, 1971ರಲ್ಲಿ, ಅಮೆರಿಕದಲ್ಲಿ ಮೆತ್ತನೆಯ ಲೆನ್ಸ್ ಮಾರಾಟಕ್ಕೆ ಅನುಮತಿ ಸಿಕ್ಕಿತು. ಆಮ್ಲಜನಕವನ್ನು ಇನ್ನೂ ಹೆಚ್ಚು ಹಾಯಗೊಡುವ ಸಿಲಿಕೋನ್ ಹೈಡ್ರೊಜೆಲ್ ಬಂದದ್ದು 1990ರ ದಶಕದ ಕೊನೆಗೆ.

ಬಳಕೆಯಲ್ಲಿರುವ ಲೆನ್ಸ್‌ಗಳು ಮುಖ್ಯವಾಗಿ ಮೂರು ಬಗೆ. ಮೆತ್ತನೆಯ ಲೆನ್ಸ್ ಸುಮಾರು 14 ಮಿಲಿಮೀಟರ್ ಅಗಲ. ಕಾರ್ನಿಯಾವನ್ನು ಪೂರ್ತಿ ಮುಚ್ಚಿ ಬಿಳಿಗುಡ್ಡೆಯ ಮೇಲೂ ತುಸು ಚಾಚುತ್ತದೆ. ಗಾಳಿ ಹಾಯುವ ಗಟ್ಟಿ ಲೆನ್ಸ್ 9ರಿಂದ 10 ಮಿಲಿಮೀಟರ್ ಅಗಲವಿದ್ದು ಕಾರ್ನಿಯಾದ ಮೇಲಷ್ಟೇ ಕೂರುತ್ತದೆ. ಸ್ಕ್ಲೀರಲ್ ಲೆನ್ಸ್ ಇವೆರಡಕ್ಕಿಂತ ದೊಡ್ಡದು. ಅದರ ಅಂಚು ಬಿಳಿಗುಡ್ಡೆಯ ಮೇಲೆ ಊರಿ, ನಡುಭಾಗ ಕಾರ್ನಿಯಾವನ್ನು ಮುಟ್ಟದೆ ನಿಲ್ಲುತ್ತದೆ. ನಡುವಿನ ಜಾಗದಲ್ಲಿ ದ್ರವ ತುಂಬಿರುತ್ತದೆ. ಸಾಮಾನ್ಯ ದೃಷ್ಟಿದೋಷಕ್ಕೆ ಮೊದಲನೆಯದು ಸಾಕು. ಕೆರಟೊಕೋನಸ್‌ನಲ್ಲಿ ಕಾರ್ನಿಯಾ ಏರುಪೇರಾಗಿರುವುದರಿಂದ ಕನ್ನಡಕದಿಂದ ದೃಷ್ಟಿ ತಿಳಿಯಾಗದಿದ್ದಾಗ ಇನ್ನೆರಡು ನೆರವಿಗೆ ಬರುತ್ತವೆ.

ಕನ್ನಡಕದ ಚೀಟಿ ತೋರಿಸಿ ಅಂಗಡಿಯಲ್ಲಿ ಲೆನ್ಸ್ ಕೊಳ್ಳುವುದು ಸರಿಯಲ್ಲ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿಗೆ ಅಂಟಿರುತ್ತದೆ. ಹಾಗಾಗಿ ನಂಬರು ಹೆಚ್ಚಿದ್ದವರಿಗೆ ಎರಡೂ ಒಂದೇ ಆಗುವುದಿಲ್ಲ. ಕನ್ನಡಕದಲ್ಲಿ ಮೈನಸ್ 8 ಇರುವವರಿಗೆ ಲೆನ್ಸಿನಲ್ಲಿ ಮೈನಸ್ 7.25ರ ಆಸುಪಾಸು ಸಾಕಾಗುತ್ತದೆ. ಕಾರ್ನಿಯಾದ ಬಾಗು, ಕಣ್ಣೀರಿನ ಪ್ರಮಾಣ, ರೆಪ್ಪೆಯ ಒಳಮೈ ಎಲ್ಲವನ್ನೂ ನೋಡಿಯೇ ಲೆನ್ಸ್ ಗೊತ್ತುಮಾಡಬೇಕು. ರಾಜ್ಯ ಸರ್ಕಾರದ ಆಶಾಕಿರಣ ಕಾರ್ಯಕ್ರಮ ಮೊದಲ ಹಂತದಲ್ಲೇ ಚಿಕ್ಕಬಳ್ಳಾಪುರ ಜಿಲ್ಲೆಗೆ ಬಂದು, ಮನೆಬಾಗಿಲಲ್ಲಿ ಕಣ್ಣು ತಪಾಸಣೆ ಮಾಡಿ ಕನ್ನಡಕವನ್ನು ಉಚಿತವಾಗಿ ಒದಗಿಸಿತು. ಅಂಥ ತಪಾಸಣೆಯಿಂದ ಕನ್ನಡಕದ ನಂಬರು ತಿಳಿಯುತ್ತದೆ; ಲೆನ್ಸಿಗೆ ನೇತ್ರತಜ್ಞರ ಅಥವಾ ಆಪ್ಟೊಮೆಟ್ರಿಸ್ಟರ ಬಳಿ ಬೇರೆಯದೇ ಅಳತೆ ಆಗಬೇಕು. ಅವರು ಕೊಟ್ಟ ಲೆನ್ಸನ್ನು ಅವರೆದುರಲ್ಲೇ ತಾನಾಗಿ ಹಾಕಿ, ತಾನಾಗಿ ತೆಗೆದು ತೋರಿಸಿದ ಮೇಲೆಯೇ ಮನೆಗೆ ಒಯ್ಯುವುದು ಒಳ್ಳೆಯ ಪದ್ಧತಿ. ಹಾಕಲು ಬಂದು ತೆಗೆಯಲು ಬಾರದವರು ರಾತ್ರಿ ಹೊತ್ತಿನಲ್ಲಿ, ನೆರವಿಲ್ಲದ ಕಡೆ, ಗಾಬರಿಯಿಂದ ಕಣ್ಣು ಕೆರೆದುಕೊಳ್ಳುತ್ತಾರೆ. ತೆಗೆಯುವುದನ್ನು ಹಾಕುವುದಕ್ಕಿಂತ ಹೆಚ್ಚು ಗಮನವಿಟ್ಟು ಕಲಿಯಬೇಕು.

ಹಾಕುವ ಕೆಲಸ ಆರಂಭವಾಗುವುದು ಕೈತೊಳೆಯುವುದರಿಂದ. ಉಗುರು ಕತ್ತರಿಸಿರಬೇಕು. ಎಣ್ಣೆಯಂಶ, ಘಾಟು ಸುಗಂಧ ಇಲ್ಲದ ಸಾಬೂನಿನಲ್ಲಿ ಅಂಗೈ, ಬೆರಳ ಸಂದು, ಉಗುರಿನ ಬುಡವನ್ನು ಇಪ್ಪತ್ತು ಸೆಕೆಂಡಾದರೂ ಉಜ್ಜಿ ತೊಳೆಯಬೇಕು. ಹಸಿಮೆಣಸಿನಕಾಯಿ ಹೆಚ್ಚಿದ ಕೈಗೆ ಇದು ಸಾಲದು. ಖಾರ ಚರ್ಮಕ್ಕೆ ಅಂಟಿಕೊಂಡು ಎರಡು ಮೂರು ತೊಳೆತಕ್ಕೂ ಉಳಿಯುತ್ತದೆ, ಲೆನ್ಸಿಗೆ ದಾಟಿದರೆ ಗಂಟೆಗಟ್ಟಲೆ ಕಣ್ಣು ಉರಿಯುತ್ತದೆ. ಅಡುಗೆಗೆ ಕೂರುವ ಮುನ್ನ ಲೆನ್ಸ್ ಹಾಕಿಕೊಂಡು, ಕೈಯಲ್ಲಿ ಖಾರವಿರುವ ಹೊತ್ತಿನಲ್ಲಿ ಅದನ್ನು ಮುಟ್ಟದಿರುವುದೇ ಸರಿ. ತೊಳೆದ ಕೈಯನ್ನು ಒಗೆದು ಒಣಗಿಸಿದ, ನೂಲು ಬಿಡದ ಬಟ್ಟೆಯಿಂದ ಒರೆಸಬೇಕು. ಸೆರಗು, ಪಂಚೆ, ಹೆಗಲ ಮೇಲಿನ ಟವೆಲು ಇದಕ್ಕೆ ಆಗದು. ಕೈ ಪೂರ್ತಿ ಒಣಗಿರಬೇಕು ಎಂಬುದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಒಣಗಿಸಬೇಕೆನ್ನುವುದಕ್ಕೆ ಎರಡು ಕಾರಣಗಳಿವೆ: ಕೈಯಲ್ಲುಳಿದ ನಲ್ಲಿನೀರು ಲೆನ್ಸಿಗೆ ಸೇರಬಾರದು, ಮತ್ತು ಮೆತ್ತನೆಯ ಲೆನ್ಸ್ ಹೆಚ್ಚು ಒದ್ದೆ ಇರುವ ಕಡೆಗೆ ಅಂಟುತ್ತದೆ. ಬೆರಳು ಒದ್ದೆಯಾಗಿದ್ದರೆ ಅದು ಬೆರಳನ್ನು ಬಿಡುವುದೇ ಇಲ್ಲ. ಬೆರಳು ಒಣಗಿದ್ದರೆ, ಕಣ್ಣೀರಿಗೆ ತಾಗಿದ ಕೂಡಲೇ ತಾನಾಗಿ ಕಣ್ಣಿಗೆ ಜಾರುತ್ತದೆ. ‘ಎಷ್ಟು ಸಲ ಇಟ್ಟರೂ ಕೂರುತ್ತಿಲ್ಲ’ ಎನ್ನುವ ಹೊಸಬರ ತೊಂದರೆ ಬಹುತೇಕ ಬೆರಳು ಒಣಗಿಸಿದ ಮೇಲೆ ತೀರುತ್ತದೆ.

ನೀರಿನ ವಿಚಾರವನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿಲ್ಲ. ಬಳಕೆಯ ನೀರು ಬಹುಪಾಲು ಆಳದ ಕೊಳವೆಬಾವಿಗಳದು, ಗಡುಸು, ಹಲವು ಕಡೆ ಫ್ಲೋರೈಡ್ ಹೆಚ್ಚು. ಕುಡಿಯಲು ಊರ ಶುದ್ಧ ನೀರಿನ ಘಟಕದ ಕ್ಯಾನ್ ನೀರು ತರುತ್ತಾರೆ. ಕುಡಿಯಲು ಶುದ್ಧವಾದದ್ದು ಲೆನ್ಸ್ ತೊಳೆಯಲೂ ಆದೀತು ಎಂದು ತೋರುವುದು ಸಹಜ, ಆದರೆ ಅದು ತಪ್ಪು. ನಲ್ಲಿ, ಬಾವಿ, ಟ್ಯಾಂಕ್, ಫಿಲ್ಟರ್, ಯಾವ ನೀರೂ ಲೆನ್ಸನ್ನು ಮುಟ್ಟಬಾರದು. ನೀರಿನಲ್ಲಿ, ಮಣ್ಣಿನಲ್ಲಿ, ಧೂಳಿನಲ್ಲಿ ಬದುಕುವ ಅಕಾಂತಮೀಬ ಎಂಬ ಏಕಕೋಶ ಜೀವಿ ಕಷ್ಟ ಬಂದಾಗ ಗಟ್ಟಿ ಕವಚದೊಳಗೆ ಸೇರಿಕೊಳ್ಳುತ್ತದೆ. ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್‌ಗೆ ಅದು ಸಾಯುವುದಿಲ್ಲ. ಲೆನ್ಸಿನ ಕೆಳಗೆ ಸಿಕ್ಕಿಕೊಂಡ ಅದು ಕಾರ್ನಿಯಾದ ಸಣ್ಣ ಗೀರಿನೊಳಕ್ಕೆ ಇಳಿದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು, ದೃಷ್ಟಿ ಹೋಗುವುದೂ ಉಂಟು. ಭಾರತದಲ್ಲಿ ಈ ಸೋಂಕು ಲೆನ್ಸ್ ಹಾಕದವರಲ್ಲೇ ಹೆಚ್ಚಾಗಿ ಕಂಡಿದೆ: ಕಣ್ಣಿಗೆ ಮಣ್ಣು, ಕೊಳಕು ನೀರು ಬೀಳುವ ಬೇಸಾಯಗಾರರಲ್ಲಿ. ಜೀವಿ ನಮ್ಮ ಹೊಲಗಳಲ್ಲೇ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಲೆನ್ಸ್ ಅದಕ್ಕೆ ಇನ್ನೊಂದು ಬಾಗಿಲು ತೆರೆಯುತ್ತದೆ. ಬಟ್ಟಿ ಇಳಿಸಿದ ನೀರಿಗೆ ಉಪ್ಪಿನ ಮಾತ್ರೆ ಬೆರೆಸಿ ಮನೆಯಲ್ಲೇ ದ್ರಾವಣ ಮಾಡಿಕೊಳ್ಳುವ ರೂಢಿ 1980ರ ದಶಕದಲ್ಲಿ ಅಮೆರಿಕದಲ್ಲಿತ್ತು; ಈ ಸೋಂಕು ಅಲ್ಲಿ ಹರಡಿದಾಗ ಅದೇ ಒಂದು ಮುಖ್ಯ ಕಾರಣವೆಂದು ತಿಳಿದುಬಂತು. ನೀರಿನಿಂದ ಇನ್ನೊಂದು ತೊಂದರೆಯೂ ಇದೆ. ಕಣ್ಣೀರಿನಷ್ಟು ಉಪ್ಪು ಅದರಲ್ಲಿ ಇಲ್ಲದಿರುವುದರಿಂದ ಮೆತ್ತನೆಯ ಲೆನ್ಸ್ ಆಕಾರ ಕೆಟ್ಟು ಕಾರ್ನಿಯಾಕ್ಕೆ ಬಿಗಿದುಕೊಳ್ಳುತ್ತದೆ. ಎಂಜಲು, ಪನ್ನೀರು ಇವುಗಳ ಮಾತಂತೂ ಬೇಡವೇ ಬೇಡ.

ಕೈ ಒಣಗಿದ ಮೇಲೆ ಮೇಜಿನ ಮೇಲೆ ಸ್ವಚ್ಛ ಬಟ್ಟೆ ಹಾಸಿ, ಕನ್ನಡಿ ಇಟ್ಟು, ಬೆಳಕಿನೆದುರು ಕೂರಬೇಕು. ಫ್ಯಾನ್ ನಿಲ್ಲಿಸಿದರೆ ಲೆನ್ಸ್ ಹಾರುವುದಿಲ್ಲ, ಒಣಗುವುದೂ ಇಲ್ಲ. ಯಾವಾಗಲೂ ಬಲಗಣ್ಣಿನಿಂದಲೇ ಆರಂಭಿಸುವ ರೂಢಿ ಇಟ್ಟುಕೊಂಡರೆ ಎರಡು ಕಣ್ಣಿನ ನಂಬರು ಅದಲುಬದಲಾಗುವುದು ತಪ್ಪುತ್ತದೆ. ಡಬ್ಬಿಯಲ್ಲಿರುವ ಲೆನ್ಸನ್ನು ಉಗುರಿನಿಂದ ಎತ್ತದೆ ಬೆರಳಿನ ಮೆತ್ತೆಯಿಂದ ತೆಗೆದು, ಹೊಸ ದ್ರಾವಣದಲ್ಲಿ ತೊಳೆದು, ಒಣಗಿದ ತೋರುಬೆರಳ ತುದಿಯ ಮೇಲೆ ಇಟ್ಟುಕೊಳ್ಳಬೇಕು. ಬೆಳಕಿಗೆ ಹಿಡಿದು ಹರಿದಿದೆಯೇ, ಕಸವಿದೆಯೇ, ಮಗುಚಿದೆಯೇ ಎಂದು ನೋಡಬೇಕು. ಸರಿಯಾಗಿರುವ ಲೆನ್ಸ್ ಬಟ್ಟಲಿನಂತೆ ಅಂಚು ನೆಟ್ಟಗೆ ಮೇಲಕ್ಕೆ ನಿಂತಿರುತ್ತದೆ. ಮಗುಚಿದ್ದರೆ ಅಂಚು ಹೊರಕ್ಕೆ ಚಾಚಿಕೊಳ್ಳುತ್ತದೆ. ಅನುಮಾನವಿದ್ದರೆ ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಮಡಚಿದಾಗ ಅಂಚುಗಳು ಒಳಮುಖವಾಗಿ ಬಾಗಿದರೆ ಸರಿ. ಮಗುಚಿದ ಲೆನ್ಸ್ ಹಾಕಿದರೆ ಕಣ್ಣಿಗೆ ಅಪಾಯವೇನಿಲ್ಲ. ಚುಚ್ಚಿದಂತಾಗುತ್ತದೆ, ರೆಪ್ಪೆ ಬಡಿದಾಗ ಜಾರುತ್ತದೆ, ಅಷ್ಟೆ. ಹರಿದ ಲೆನ್ಸನ್ನು ಮಾತ್ರ, ಹರಿದದ್ದು ಎಷ್ಟೇ ಸಣ್ಣದಿರಲಿ, ಎಸೆಯಬೇಕು.

ಈಗ ಲೆನ್ಸ್ ಇರುವ ಕೈಯ ಮಧ್ಯದ ಬೆರಳಿನಿಂದ ಕೆಳರೆಪ್ಪೆಯನ್ನು ಕೆಳಕ್ಕೆ ಎಳೆದು ಹಿಡಿಯಬೇಕು. ಇನ್ನೊಂದು ಕೈಯನ್ನು ಹಣೆಯ ಮೇಲಿಂದ ತಂದು, ಮೇಲುರೆಪ್ಪೆಯನ್ನು ಕೂದಲಿನ ಬುಡದಲ್ಲೇ ಹಿಡಿದು ಹುಬ್ಬಿನ ಎಲುಬಿಗೆ ಒತ್ತಬೇಕು. ಹೊಸಬರ ಕೈ ಸೋಲುವುದು ಇಲ್ಲೇ. ರೆಪ್ಪೆಯನ್ನು ಮೇಲೆ, ಚರ್ಮದ ನಡುಭಾಗದಲ್ಲಿ ಹಿಡಿದರೆ ಅಂಚು ಸಡಿಲವಾಗಿದ್ದು, ಲೆನ್ಸ್ ಹತ್ತಿರ ಬಂದೊಡನೆ ಮುಚ್ಚಿಕೊಳ್ಳುತ್ತದೆ. ಕೂದಲ ಬುಡದಲ್ಲಿ ಹಿಡಿದರೆ ಅದಕ್ಕೆ ಮುಚ್ಚಲು ಎಡೆ ಇರುವುದಿಲ್ಲ. ಎರಡೂ ಕಣ್ಣು ತೆರೆದಿರಬೇಕು, ನೋಟ ಕನ್ನಡಿಯಲ್ಲಿ ಕಾಣುವ ಅದೇ ಕಣ್ಣಿನ ಪಾಪೆಯ ಮೇಲಿರಬೇಕು. ಹತ್ತಿರ ಬರುವ ಬೆರಳನ್ನು ನೋಡಿದರೆ ಕಣ್ಣು ಹಿಂಜರಿಯುತ್ತದೆ. ಲೆನ್ಸನ್ನು ನಿಧಾನವಾಗಿ, ಒತ್ತದೆ, ಕರಿಗುಡ್ಡೆಗೆ ತಾಗಿಸಬೇಕು. ಅದು ಕಣ್ಣೀರಿಗೆ ಅಂಟಿದ್ದು ಬೆರಳಿಗೇ ತಿಳಿಯುತ್ತದೆ. ಕಣ್ಣನ್ನು ಮೆಲ್ಲಗೆ ಕೆಳಕ್ಕೆ, ಪಕ್ಕಕ್ಕೆ ಹೊರಳಿಸಿದರೆ ಕೆಳಗಿನ ಗಾಳಿಗುಳ್ಳೆ ಹೊರಟುಹೋಗುತ್ತದೆ. ಆಮೇಲೆ ಕೆಳರೆಪ್ಪೆಯನ್ನು ಮೊದಲು, ಮೇಲುರೆಪ್ಪೆಯನ್ನು ನಂತರ ನಿಧಾನವಾಗಿ ಬಿಟ್ಟು, ಒಂದು ಕ್ಷಣ ಕಣ್ಣು ಮುಚ್ಚಿ ತೆರೆಯಬೇಕು. ರೆಪ್ಪೆಯನ್ನು ಪಟ್ಟನೆ ಬಿಟ್ಟು ಬಿಗಿಯಾಗಿ ಮುಚ್ಚಿದರೆ ಲೆನ್ಸ್ ಹೊರಕ್ಕೆ ಹಾರುತ್ತದೆ. ಕೈ ನಡುಗುವವರು ಬರಿಬೆರಳಿನಿಂದ ಬಿಳಿಗುಡ್ಡೆಯನ್ನು ಮುಟ್ಟಿ ಕೆಲವು ದಿನ ಅಭ್ಯಾಸ ಮಾಡಿಕೊಂಡರೆ ಕಣ್ಣು ಒಗ್ಗುತ್ತದೆ. ಬಿಳಿಗುಡ್ಡೆಗೆ ಕಾರ್ನಿಯಾದಷ್ಟು ಸೂಕ್ಷ್ಮತೆ ಇಲ್ಲ.

ಹಾಕಿದ ಕಣ್ಣಿನಲ್ಲಿ ನೋಟ ಮಂಜಾಗಿದ್ದರೆ, ಚುಚ್ಚುತ್ತಿದ್ದರೆ ಸಹಿಸಿಕೊಂಡು ಕೂರಬಾರದು. ತೆಗೆದು, ದ್ರಾವಣದಲ್ಲಿ ತೊಳೆದು, ಮಗುಚಿದೆಯೇ ನೋಡಿ ಮತ್ತೆ ಹಾಕಬೇಕು. ಚೆನ್ನಾಗಿ ಕೂತ ಮೆತ್ತನೆಯ ಲೆನ್ಸ್ ಸ್ವಲ್ಪ ಹೊತ್ತಿನಲ್ಲಿ ಇದೆಯೆಂದೇ ಗೊತ್ತಾಗುವುದಿಲ್ಲ.

ಗಟ್ಟಿ ಲೆನ್ಸ್ ಹಾಕುವ ಕ್ರಮ ಬಹುಮಟ್ಟಿಗೆ ಇದೇ. ಅಭ್ಯಾಸವಾಗುವವರೆಗೆ ಮೊದಮೊದಲು ಕಣ್ಣೀರು ಬರುತ್ತದೆ. ಸ್ಕ್ಲೀರಲ್ ಲೆನ್ಸಿನ ಕ್ರಮ ಬೇರೆ. ಅದನ್ನು ರಬ್ಬರಿನ ಚಿಕ್ಕ ಹೀರುಹಿಡಿಯ ಮೇಲೆ ಕೂರಿಸಿ, ಸಂರಕ್ಷಕ ಬೆರೆಸದ ಸಲೈನನ್ನು ಅಂಚಿನವರೆಗೆ ತುಂಬಿ, ಮುಖವನ್ನು ನೆಲಕ್ಕೆ ಸಮನಾಗಿ ಬಗ್ಗಿಸಿ, ಕೆಳಗಿನಿಂದ ಮೇಲಕ್ಕೆ ಕಣ್ಣಿಗೆ ತಾಗಿಸಬೇಕು. ಸಲೈನ್ ಸ್ವಲ್ಪ ಚೆಲ್ಲುತ್ತದೆ, ಚೆಲ್ಲಲೇಬೇಕು. ಒಳಗೆ ಗಾಳಿಗುಳ್ಳೆ ಉಳಿದರೆ ನೋಟ ಕೆಡುತ್ತದೆ, ಕಾರ್ನಿಯಾದ ಆ ಜಾಗ ಒಣಗುತ್ತದೆ. ತೆಗೆದು ಮತ್ತೆ ತುಂಬಿ ಹಾಕುವುದೊಂದೇ ದಾರಿ.

ತೆಗೆಯುವಾಗಲೂ ಮೊದಲು ಕೈತೊಳೆದು ಒಣಗಿಸಬೇಕು. ಕಣ್ಣು ಒಣಗಿದಂತಿದ್ದರೆ ಲೆನ್ಸಿಗೆಂದೇ ಇರುವ ತೇವದ ಹನಿಯನ್ನು ಹಾಕಿ, ಕೆಲವು ಸಲ ರೆಪ್ಪೆ ಬಡಿದು, ಲೆನ್ಸ್ ಸರಾಗವಾಗಿ ಜಾರುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಬೇಕು. ಮಧ್ಯದ ಬೆರಳಿನಿಂದ ಕೆಳರೆಪ್ಪೆ ಎಳೆದು, ನೋಟವನ್ನು ಮೇಲಕ್ಕೆತ್ತಿ, ತೋರುಬೆರಳಿನ ಮೆತ್ತೆಯಿಂದ ಲೆನ್ಸಿನ ಕೆಳ ಅಂಚನ್ನು ಬಿಳಿಗುಡ್ಡೆಯ ಮೇಲಕ್ಕೆ ಜಾರಿಸಬೇಕು. ಅಲ್ಲಿ ಹೆಬ್ಬೆರಳನ್ನೂ ತಂದು ಎರಡು ಬೆರಳಿನಿಂದ ಮೃದುವಾಗಿ ಚಿವುಟಿದರೆ ಲೆನ್ಸ್ ಮಡಚಿಕೊಂಡು ಕೈಗೆ ಬರುತ್ತದೆ. ಕರಿಗುಡ್ಡೆಯ ಮೇಲೆಯೇ ಚಿವುಟಿ ತೆಗೆಯುವವರಿದ್ದಾರೆ. ಉಗುರು ತಪ್ಪಿದರೆ ಕಾರ್ನಿಯಾ ಗೀರಿಹೋಗುವುದರಿಂದ ಆ ರೂಢಿಯನ್ನು ಬಿಡಬೇಕು. ಗಟ್ಟಿ ಲೆನ್ಸ್ ಚಿವುಟಿದರೆ ಬರುವುದಿಲ್ಲ. ಕಣ್ಣನ್ನು ಅಗಲವಾಗಿ ತೆರೆದು, ಹೊರಮೂಲೆಯ ಚರ್ಮವನ್ನು ಕಿವಿಯ ಕಡೆ ಎಳೆದು, ರೆಪ್ಪೆ ಬಡಿದರೆ ರೆಪ್ಪೆಯ ಅಂಚೇ ಅದನ್ನು ಎಬ್ಬಿಸಿ ಅಂಗೈಗೆ ಬೀಳಿಸುತ್ತದೆ. ಸ್ಕ್ಲೀರಲ್ ಲೆನ್ಸನ್ನು ಹೀರುಹಿಡಿಯಿಂದ ತೆಗೆಯುವಾಗ ಅದನ್ನು ನಡುವಿಗೆ ಅಂಟಿಸದೆ ಅಂಚಿನ ಹತ್ತಿರ ಅಂಟಿಸಿ, ಅಂಚನ್ನು ಮೊದಲು ಎತ್ತಿ ಹಿಡಿತ ಬಿಡಿಸಬೇಕು. ಕಣ್ಣಲ್ಲಿ ಲೆನ್ಸ್ ಇದೆಯೆಂದು ಖಚಿತವಾಗದೆ ಹೀರುಹಿಡಿಯನ್ನು ಕಣ್ಣಿಗೆ ಒತ್ತಲೇಬಾರದು.

ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗಿ ಮಿದುಳು ಸೇರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬಿಳಿಗುಡ್ಡೆಯನ್ನು ಮುಚ್ಚಿರುವ ತೆಳುಪೊರೆಯೇ ಹಿಂದೆ ಮಡಿಚಿ ರೆಪ್ಪೆಯ ಒಳಮೈಯಾಗುತ್ತದೆ, ಅಲ್ಲಿಂದಾಚೆ ದಾರಿಯಿಲ್ಲ. ಲೆನ್ಸ್ ಕಾಣೆಯಾದರೆ ಬಹುಶಃ ಮೇಲುರೆಪ್ಪೆಯ ಕೆಳಗೆ ಮಡಚಿಕೊಂಡಿರುತ್ತದೆ. ತೇವದ ಹನಿ ಹಾಕಿ, ಕೆಳಕ್ಕೆ ನೋಡುತ್ತ, ಮುಚ್ಚಿದ ರೆಪ್ಪೆಯ ಮೇಲೆ ಮೆಲ್ಲಗೆ ತೀಡಿದರೆ ಹೊರಗೆ ಬರುತ್ತದೆ. ಒಣಗಿ ಬಿಗಿದುಕೊಂಡ ಲೆನ್ಸನ್ನು ಕಿತ್ತು ತೆಗೆದರೆ ಅದರೊಂದಿಗೆ ಕಾರ್ನಿಯಾದ ಮೇಲ್ಪದರವೂ ಕಿತ್ತು ಬರಬಹುದು. ಹನಿ ಹಾಕಿ, ಹತ್ತು ಹದಿನೈದು ನಿಮಿಷ ಕಾದು, ಅದು ಜಾರತೊಡಗಿದ ಮೇಲೆಯೇ ತೆಗೆಯಬೇಕು. ಹರಿದ ಚೂರು ಉಳಿದಿರಬಹುದೆಂಬ ಅನುಮಾನ ಬಂದರೆ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಒಂದು ದಿನದ ಲೆನ್ಸನ್ನು ತೆಗೆದ ಕೂಡಲೇ ಕಸಕ್ಕೆ ಹಾಕಬೇಕು. ಅದನ್ನು ತೊಳೆದು ಮತ್ತೆ ಬಳಸುವ ಉಳಿತಾಯ ಕಣ್ಣಿಗೆ ದುಬಾರಿ. ಹಳ್ಳಿಯಲ್ಲಿ ಅಪರೂಪಕ್ಕೆ ಲೆನ್ಸ್ ಹಾಕುವವರಿಗೆ ಈ ಬಗೆಯೇ ಅತ್ಯಂತ ಸುರಕ್ಷಿತ, ಏಕೆಂದರೆ ಡಬ್ಬಿ, ದ್ರಾವಣಗಳ ಗೋಜೇ ಇಲ್ಲ. ತಿಂಗಳ ಲೆನ್ಸ್ ಬಳಸುವವರು ಅಂಗೈಯಲ್ಲಿ ಅದನ್ನಿಟ್ಟು, ದ್ರಾವಣ ಸುರಿದು, ಎರಡೂ ಮೈಯನ್ನು ಬೆರಳಿನಿಂದ ಉಜ್ಜಿ, ಮತ್ತೆ ದ್ರಾವಣದಲ್ಲಿ ತೊಳೆದು ಡಬ್ಬಿಗೆ ಹಾಕಬೇಕು. ಡಬ್ಬಿಯಲ್ಲಿ ನಿನ್ನೆಯ ದ್ರಾವಣ ಉಳಿಸಿ ಅದರ ಮೇಲೆ ಹೊಸದನ್ನು ಸುರಿಯಬಾರದು. ಹಳೆಯದರ ಶಕ್ತಿ ತೀರಿರುತ್ತದೆ. ಬೆಳಿಗ್ಗೆ ಡಬ್ಬಿಯಿಂದ ಲೆನ್ಸ್ ತೆಗೆದ ಮೇಲೆ ಡಬ್ಬಿಯನ್ನು ದ್ರಾವಣದಿಂದಲೇ ತೊಳೆದು, ಒರೆಸಿ, ಬೋರಲು ಹಾಕಿ ಒಣಗಿಸಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಬಚ್ಚಲುಮನೆಯ ಗೂಡು ಡಬ್ಬಿಗೆ ತಕ್ಕ ಜಾಗವಲ್ಲ. ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ಬಳಸುವವರು ಅದರ ಜೊತೆ ಬರುವ ವಿಶೇಷ ಡಬ್ಬಿಯಲ್ಲೇ, ಸೂಚಿಸಿದಷ್ಟು ಗಂಟೆ ನೆನೆಸಬೇಕು. ಅದು ನೇರವಾಗಿ ಕಣ್ಣಿಗೆ ತಾಗಿದರೆ ಸುಡುತ್ತದೆ. ಕಾಡಿಗೆ, ಪೌಡರು ಹಚ್ಚುವವರು ಮೊದಲು ಲೆನ್ಸ್ ಹಾಕಿ ಆಮೇಲೆ ಅಲಂಕಾರ ಮಾಡಿಕೊಳ್ಳಬೇಕು. ತೆಗೆಯುವಾಗ ಮೊದಲು ಲೆನ್ಸ್, ಆಮೇಲೆ ಅಲಂಕಾರ. ಮದುವೆಗೆಂದು ಹಾಕುವ ಬಣ್ಣದ ಲೆನ್ಸಿಗೂ ಅಳತೆ ಬೇಕು. ಒಬ್ಬರು ಹಾಕಿದ ಲೆನ್ಸನ್ನು ಇನ್ನೊಬ್ಬರು ಹಾಕಬಾರದು.

ಲೆನ್ಸ್ ಹಾಕಿಕೊಂಡು ಮಲಗುವುದು ಬಳಕೆದಾರರು ಮಾಡುವ ಅತಿ ದೊಡ್ಡ ತಪ್ಪು. ಮುಚ್ಚಿದ ರೆಪ್ಪೆಯ ಕೆಳಗೆ ಕಾರ್ನಿಯಾಕ್ಕೆ ಮೊದಲೇ ಆಮ್ಲಜನಕ ಕಡಿಮೆ. ಲೆನ್ಸ್ ಅದನ್ನೂ ತಡೆಯುತ್ತದೆ. ಮೇಲ್ಪದರ ಸೊರಗಿದ ಜಾಗದಲ್ಲಿ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ನೆಲೆಯೂರಿದರೆ ಒಂದೆರಡು ದಿನದಲ್ಲೇ ಕಾರ್ನಿಯಾ ಕರಗತೊಡಗಬಹುದು. ಸೋಂಕಿನ ಸಾಧ್ಯತೆ ಹಗಲಿನ ಬಳಕೆಗಿಂತ ಹಲವು ಪಟ್ಟು ಹೆಚ್ಚು. ರೇಷ್ಮೆ ಮನೆಗಳಲ್ಲಿ ಈ ಎಚ್ಚರಕ್ಕೆ ಹೆಚ್ಚಿನ ಬೆಲೆಯಿದೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಿ ಎದ್ದ ಹುಳುವಿಗೆ ರಾತ್ರಿಯೂ ಸೊಪ್ಪು ಹಾಕಬೇಕು. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಿನಲ್ಲಂತೂ ಮನೆಮಂದಿಗೆ ನಿದ್ದೆಯೇ ಇರುವುದಿಲ್ಲ. ದಣಿದು ಸಿಕ್ಕಲ್ಲಿ ಒರಗಿದವರ ಕಣ್ಣಲ್ಲಿ ಲೆನ್ಸ್ ಉಳಿದುಬಿಡುತ್ತದೆ. ಆ ದಿನಗಳಿಗೆ ಕನ್ನಡಕವೇ ವಾಸಿ.

ಹುಳು ಮನೆಯ ಸೋಂಕು ನಿವಾರಣೆಗೂ ಇದೇ ಮಾತು ಸಲ್ಲುತ್ತದೆ. ಬ್ಲೀಚಿಂಗ್ ಪೌಡರು, ಸುಣ್ಣದ ದ್ರಾವಣ, ಫಾರ್ಮಲಿನ್ ಸಿಂಪಡಿಸುವಾಗ ಏಳುವ ಹಬೆ ಕಣ್ಣಿಗೆ ಉರಿ ತರುತ್ತದೆ. ಮೆತ್ತನೆಯ ಲೆನ್ಸ್ ಅದನ್ನು ಹೀರಿಕೊಂಡು ಕಾರ್ನಿಯಾಕ್ಕೆ ಒತ್ತಿ ಹಿಡಿಯಬಹುದು. ಹುಳುವಿನ ಹಾಸಿಗೆಗೆ ಸುಣ್ಣದ ಪುಡಿ ಉದುರಿಸುವಾಗ, ತೋಟಕ್ಕೆ ಔಷಧಿ ಹೊಡೆಯುವಾಗಲೂ ಲೆನ್ಸ್ ತೆಗೆದು, ಕಣ್ಣನ್ನು ಪೂರ್ತಿ ಮುಚ್ಚುವ ರಕ್ಷಣಾ ಕನ್ನಡಕ ಹಾಕಬೇಕು. ನೀರು ಲೆನ್ಸನ್ನು ಮುಟ್ಟಬಾರದು ಎಂಬ ನಿಯಮ ಮುರಿಯಲೇಬೇಕಾದ ಸಂದರ್ಭ ಇದೊಂದೇ: ಸುಣ್ಣವೋ ರಾಸಾಯನಿಕವೋ ಕಣ್ಣಿಗೆ ಎರಚಿದರೆ ಲೆನ್ಸ್ ತೆಗೆಯಲು ಹೊತ್ತು ಕಳೆಯದೆ, ಸಿಕ್ಕ ಶುಭ್ರ ನೀರನ್ನು ಕೂಡಲೇ ಧಾರೆಯಾಗಿ ಹರಿಸಬೇಕು, ಕಾಲು ಗಂಟೆಯಾದರೂ ಬಿಡದೆ. ತೊಳೆಯುತ್ತಿರುವಾಗಲೇ ಲೆನ್ಸ್ ತೆಗೆದು ಎಸೆದು, ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಸುಣ್ಣದಂಥ ಕ್ಷಾರ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಕಳೆದುಹೋದ ಪ್ರತಿ ನಿಮಿಷಕ್ಕೂ ಕಣ್ಣು ಬೆಲೆ ತೆರುತ್ತದೆ.

ಸ್ನಾನ, ಹಬ್ಬದ ಎಣ್ಣೆನೀರು, ಓಕುಳಿ, ಕೃಷಿ ಹೊಂಡ ಬಾವಿಗಳಲ್ಲಿ ಈಜು, ಇವೆಲ್ಲಕ್ಕೂ ಮೊದಲು ಲೆನ್ಸ್ ತೆಗೆದಿರಬೇಕು. ಬೈಕ್ ಓಡಿಸುವಾಗ ಹೆಲ್ಮೆಟ್ಟಿನ ಗಾಜು ಇಳಿಸಿದರೆ ಧೂಳು ಲೆನ್ಸಿನ ಕೆಳಗೆ ಸೇರುವುದಿಲ್ಲ. ಒಲೆಯ ಶಾಖಕ್ಕೆ, ಹೋಮದ ಉರಿಗೆ ಲೆನ್ಸ್ ಕರಗಿ ಕಣ್ಣಿಗೆ ಅಂಟುತ್ತದೆ ಎಂಬುದು ಸುಳ್ಳು; ಹೊಗೆಯಿಂದ ಕಣ್ಣು ಉರಿದು ಲೆನ್ಸ್ ಒಣಗುವುದು ನಿಜ.

ಲೆನ್ಸ್ ತೆಗೆದ ಮೇಲೂ ಕಣ್ಣು ಕೆಂಪಾಗಿದ್ದರೆ, ನೋವಿದ್ದರೆ, ಬೆಳಕು ನೋಡಲಾಗದಿದ್ದರೆ, ನೋಟ ಮಂಜಾದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ನೇತ್ರವೈದ್ಯರ ಬಳಿ ಹೋಗಬೇಕು. ಹಿಪ್ಪುನೇರಳೆ ಕಡ್ಡಿ, ಹುಲ್ಲಿನ ಗರಿ ತಾಗಿದ ಕಣ್ಣಿಗೂ ಇದೇ ಕ್ರಮ, ಏಕೆಂದರೆ ಅಂಥ ಗಾಯಕ್ಕೆ ಶಿಲೀಂಧ್ರ ತಗುಲುತ್ತದೆ. ಈ ಹೊತ್ತಿನಲ್ಲಿ ನಂದಿಬಟ್ಟಲ ಹೂವಿನ ರಸ, ಎದೆಹಾಲು, ಹರಳೆಣ್ಣೆ ಯಾವುದನ್ನೂ ಕಣ್ಣಿಗೆ ಬಿಡಬಾರದು. ಮೆಡಿಕಲ್ ಶಾಪಿನಿಂದ ಕೇಳಿ ತಂದ ಸ್ಟೀರಾಯ್ಡ್ ಹನಿ ಅದಕ್ಕಿಂತ ಕೆಟ್ಟದ್ದು: ಕೆಂಪು ಇಳಿದು ಗುಣವಾದಂತೆ ತೋರುತ್ತದೆ, ಒಳಗೆ ಶಿಲೀಂಧ್ರ ಬೆಳೆಯುತ್ತದೆ. ಕಣ್ಣಿಗೆ ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ. ಸಮೀಪದ ವೈದ್ಯರು ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಬೆಂಗಳೂರಿನಲ್ಲಿ, 1896ರಲ್ಲಿ ಆರಂಭವಾದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಬಳಸುತ್ತಿದ್ದ ಲೆನ್ಸ್, ಡಬ್ಬಿ, ದ್ರಾವಣದ ಬಾಟಲಿಯನ್ನು ಎಸೆಯದೆ ಜೊತೆಗೆ ಒಯ್ಯಬೇಕು. ಅವುಗಳಲ್ಲಿ ಯಾವ ಜೀವಿ ಇದೆಯೆಂದು ಪ್ರಯೋಗಾಲಯದಲ್ಲಿ ತಿಳಿದರೆ ಔಷಧಿ ಆರಿಸುವುದು ಸುಲಭ.

ಸೋಂಕಿನಿಂದಾದ ಹುಣ್ಣು ವಾಸಿಯಾದರೂ ಕಾರ್ನಿಯಾದ ನಡುವೆ ಬಿಳಿ ಕಲೆ ಉಳಿದರೆ ದಾನಿಯ ಕಾರ್ನಿಯಾ ಕಸಿ ಮಾಡಬೇಕಾದೀತು. ಕರ್ನಾಟಕದಲ್ಲಿ ಆ ದಾನದ ಮಾತು ಬಂದರೆ ಜನ ನೆನೆಯುವುದು ನಟ ರಾಜ್‌ಕುಮಾರ್ ಮನೆತನವನ್ನು. 2006ರಲ್ಲಿ ತೀರಿಕೊಂಡ ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. 2021ರಲ್ಲಿ ತೀರಿಕೊಂಡ ಅವರ ಮಗ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ಕು ಜನರಿಗೆ ಕಸಿ ಮಾಡಲಾಯಿತು. ಕಸಿಯಾದ ಕಣ್ಣಿಗೂ ದೃಷ್ಟಿ ತಿಳಿಯಾಗಲು ಕೆಲವೊಮ್ಮೆ ಗಟ್ಟಿ ಲೆನ್ಸೋ ಸ್ಕ್ಲೀರಲ್ ಲೆನ್ಸೋ ಬೇಕಾಗುತ್ತದೆ.

ಸಾಮಾನ್ಯ ಸೋಂಕು ಗುಣವಾದವರಿಗೆ ಮತ್ತೆ ಲೆನ್ಸ್ ಯಾವಾಗ ಎಂಬುದನ್ನು ವೈದ್ಯರೇ ಕಾರ್ನಿಯಾ ನೋಡಿ ಹೇಳುತ್ತಾರೆ. ಅಲ್ಲಿಯವರೆಗೆ ಕನ್ನಡಕ ಬೇಕಾಗುವುದರಿಂದ, ಲೆನ್ಸ್ ಇರುವ ಪ್ರತಿಯೊಬ್ಬರ ಬಳಿಯೂ ಈಗಿನ ನಂಬರಿನ ಒಂದು ಕನ್ನಡಕ ಇರಲೇಬೇಕು. ಅನುಮತಿ ಸಿಕ್ಕ ದಿನ ಆರಂಭ ಹೊಸ ಲೆನ್ಸ್, ಹೊಸ ಡಬ್ಬಿ, ಹೊಸದಾಗಿ ತೆರೆದ ದ್ರಾವಣದಿಂದ. ಮೊದಲ ದಿನಗಳಲ್ಲಿ ಕೆಲವೇ ಗಂಟೆ ಹಾಕಿ, ನಿಧಾನವಾಗಿ ಹೊತ್ತು ಹೆಚ್ಚಿಸಬೇಕು.